ಒಂದು ಚಮಚ ಎಣ್ಣೆ

ಬೆಂಡೆಕಾಯಿಯ ಅಂಚು ಓವನ್ನಿನ ಬಿಸಿಗೆ ಕಪ್ಪಾಗುವ ಹೊತ್ತಿಗೆ ಒಂದು ವಾಸನೆ ಏಳುತ್ತದೆ. ಕರಿದದ್ದರ ವಾಸನೆಯಲ್ಲ, ಸೀದದ್ದರದೂ ಅಲ್ಲ. ಹುರಿದ ಕಡಲೆಹಿಟ್ಟು, ಇಂಗು, ಬಾಡಿದ ಹಸಿರು ಎಲ್ಲ ಸೇರಿದ್ದು. ಹೋದ ಭಾನುವಾರ ನನ್ನ ಅಡುಗೆಮನೆಯಲ್ಲಿ ಆ ವಾಸನೆ ಎದ್ದಾಗ ಕೈಲಿದ್ದ ಸೌಟನ್ನು ಹಾಗೇ ಹಿಡಿದು ನಿಂತುಬಿಟ್ಟೆ. ಎಷ್ಟೋ ವರ್ಷ ಎದುರುಮನೆ ಆಂಟಿಯ ಕಿಟಕಿಯಿಂದ ನಮ್ಮ ಹಜಾರಕ್ಕೆ ಬರುತ್ತಿದ್ದ ವಾಸನೆ ಅದು.

ಓವನ್ ಕೂಡ ಅವರದೇ. ದುಂಡನೆಯ ಅಲ್ಯೂಮಿನಿಯಂ ಓವನ್, ಮುಚ್ಚಳದ ನಡುವೆ ಇಣುಕಿ ನೋಡಲು ಒಂದು ಗಾಜು. ಆಂಟಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡಿಸಲು ಬಂದಿದ್ದ ಅವರ ತಮ್ಮ ಅದನ್ನು ಗುಜರಿಯವನಿಗೆಂದು ಗೇಟಿನ ಪಕ್ಕ ಇಟ್ಟಿದ್ದರು. ಕೇಳಿ ಎತ್ತಿಕೊಂಡು ಬಂದೆ. ವೈರು, ಪ್ಲಗ್ಗು ಬದಲಾಯಿಸಿದ ಮೇಲೆ ಏನೂ ಆಗದವರ ಹಾಗೆ ಬಿಸಿಯಾಯಿತು.

ಮದುವೆಯಾಗಿ ಶಂಕರಪುರಂನ ಈ ಬೀದಿಗೆ ಬಂದ ಹೊಸದರಲ್ಲಿ ನನಗೆ ಸಾರಿಗೂ ಹುಳಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಅಡುಗೆ ಕಲಿಸಿದವರು ಎದುರುಮನೆ ಆಂಟಿ. ಅವರಿಗೆ ಮಕ್ಕಳಿರಲಿಲ್ಲ. ಅಂಕಲ್ ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿದ್ದರು. ಇಸ್ತ್ರಿ ಕೆಡದ ಬಿಳಿ ಅಂಗಿಯ ಮನುಷ್ಯ, ಮಾತು ಕಮ್ಮಿ. ಆ ಮನೆಯಲ್ಲಿ ಜಗಳ ಕೇಳಿದವರೇ ಇಲ್ಲ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ಆಂಟಿ ಆಗಾಗ ಹೇಳುತ್ತಿದ್ದರು. ಗಾದೆಯ ಎರಡನೆಯ ಅರ್ಧ ಗಂಡನಿಗೆ ಎಂದೂ, ಮೊದಲನೆಯದು ತಮ್ಮ ಜವಾಬ್ದಾರಿ ಎಂದೂ ಅವರ ಲೆಕ್ಕ.

ಒಂದು ಸಲ ಅಂಕಲ್‌ಗೆ ಹೊಟ್ಟೆ ಭಾರ, ಕಾಲು ಊತ ಎಂದು ಡಾಕ್ಟರ ಹತ್ತಿರ ಹೋಗಿ ಬಂದರು. ಆ ಡಾಕ್ಟರು ಹೇಳಿದ್ದನ್ನು ಆಂಟಿಯ ಬಾಯಿಂದ ಎಷ್ಟು ಸಲ ಕೇಳಿದ್ದೇನೋ... "ಲಿವರ್‌ನಲ್ಲಿ ಕೊಬ್ಬು ಸೇರಿದೆ ಸಾರ್. ಎಣ್ಣೆ ಪೂರ್ತಿ ಬಿಟ್ಬಿಡ್ಬೇಕು. ಒಂದ್ ತೊಟ್ಟೂ ಆಗಲ್ಲ. ಬಿಟ್ರೆ ಬದುಕ್ತೀರ." ಪಕ್ಕದ ಕುರ್ಚಿಯಲ್ಲಿ ಕೂತು ಆಂಟಿ ಇಷ್ಟನ್ನೂ ಕೇಳಿಸಿಕೊಂಡಿದ್ದರು. ಅಂಕಲ್ ತಲೆಯಾಡಿಸಿದರಂತೆ. ಅಲ್ಲಿಂದ ಮುಂದೆ ತಪಾಸಣೆಗೆ ಅಂಕಲ್ ಒಬ್ಬರೇ ಹೋಗುತ್ತಿದ್ದರು. ಬಿಸಿಲಲ್ಲಿ ನೀನ್ಯಾಕೆ ಎನ್ನುತ್ತಿದ್ದರು.

ಅವತ್ತೇ ಸಂಜೆ ಆಂಟಿ ಕರಿಯುವ ಬಾಣಲೆಯನ್ನು ಕೆಲಸದವಳಿಗೆ ಕೊಟ್ಟರು. ಎಣ್ಣೆಯ ಡಬ್ಬಿಯನ್ನು ತಂದು ನಮ್ಮನೆಯಲ್ಲಿಟ್ಟರು. ದೇವರ ದೀಪಕ್ಕೂ ತುಪ್ಪವಾಯಿತು. ದೀಪಾವಳಿ ಬಂದಾಗ ಅಭ್ಯಂಜನಕ್ಕೆ ಅಂಕಲ್‌ಗೆ ತಲೆಗೆ ಎಣ್ಣೆ ಒತ್ತಬಹುದೋ ಇಲ್ಲವೋ ಎಂದು ಒಂದು ವಾರ ಒದ್ದಾಡಿ, ಕೊನೆಗೆ ಬೇಡವೆಂದು ತೀರ್ಮಾನಿಸಿದರು. ಅಂಕಲ್ ಅದಕ್ಕೂ ತಲೆಯಾಡಿಸಿದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂತಾರಲ್ಲ, ಆ ಮನೆಯಲ್ಲಿ ಎಣ್ಣೆಗೆ ಜಾಗ ಉಳಿದದ್ದು ಅಲ್ಲೊಂದೇ ಕಡೆ.

ತೊಂದರೆ ಏನೆಂದರೆ, ಅಂಕಲ್‌ಗೆ ಸಾರನ್ನದ ಜೊತೆ ಕರಿದ ಬೆಂಡೆಕಾಯಿ ಇಲ್ಲದಿದ್ದರೆ ತುತ್ತು ಇಳಿಯುತ್ತಿರಲಿಲ್ಲ. ಆಂಟಿ ಓವನ್ ತರಿಸಿದ್ದೇ ಅದಕ್ಕೆ. ಕೇಕ್ ಮಾಡುವ ವಸ್ತುವಿನಲ್ಲಿ ಪಲ್ಯ ಮಾಡ್ತಾರಂತೆ ಎಂದು ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆಂಟಿಗೆ ಇದ್ಯಾವುದೂ ತಾಗಲಿಲ್ಲ. ಗಾಂಧಿ ಬಜಾರಿನಲ್ಲಿ ಬೆಂಡೆಕಾಯಿಯ ತುದಿ ಚಟಕ್ಕನೆ ಮುರಿದು ನೋಡಿಯೇ ತರುತ್ತಿದ್ದರು. ತರಕಾರಿಯವಳು "ಎಲ್ಲಾನೂ ಮುರಿದಾಕ್ಬುಟ್ರೆ ನಾನ್ಯಾರಿಗೆ ಮಾರ್ಲಿ ಅಮ್ಮಾ" ಎಂದು ಬೈದರೂ ಕೈ ನಿಲ್ಲುತ್ತಿರಲಿಲ್ಲ. ತೊಳೆದು, ಅಂಕಲ್ ಅವರ ಹಳೇ ಪಂಚೆಯಿಂದ ಒಂದೊಂದನ್ನೂ ಒರೆಸಿ, ಉದ್ದುದ್ದಕ್ಕೆ ಸೀಳಿ, ಕಡಲೆಹಿಟ್ಟು, ಅಕ್ಕಿಹಿಟ್ಟು, ಖಾರದಪುಡಿ, ಇಂಗು ಉದುರಿಸಿ ತಟ್ಟೆಯಲ್ಲಿ ಹರಡುತ್ತಿದ್ದರು. ಒಂದಕ್ಕೊಂದು ತಾಗಬಾರದು, ತಾಗಿದರೆ ಬೆವರುತ್ತದೆ. ಉಪ್ಪು ಕೊನೆಗೆ, ಇಲ್ಲದಿದ್ದರೆ ನೀರು ಬಿಡುತ್ತದೆ. ಇಷ್ಟೆಲ್ಲ ಮಾಡಿದರೂ ಎಣ್ಣೆಯಿಲ್ಲದ ಬೆಂಡೆಕಾಯಿ ಚರ್ಮದ ಹಾಗೆ ಆಗುತ್ತಿತ್ತು. ಅಂಕಲ್ ಎರಡು ಚೂರು ಜಗಿದು ತಟ್ಟೆಯ ಅಂಚಿಗೆ ಸರಿಸುತ್ತಿದ್ದರು. ದಿನೇ ದಿನೇ ಊಟ ಕಮ್ಮಿಯಾಯಿತು, ಕೆನ್ನೆ ಒಳಗೆ ಹೋಯಿತು.

ಒಂದು ಮಧ್ಯಾಹ್ನ ಆಂಟಿ ನಮ್ಮ ಹೊಸ್ತಿಲ ಮೇಲೆ ಪುಟ್ಟ ಬಟ್ಟಲು ಇಟ್ಟು, ಸುತ್ತಮುತ್ತ ನೋಡಿ, "ಒಂದೇ ಒಂದ್ ಚಮಚ ಎಣ್ಣೆ ಹಾಕೇ" ಎಂದರು. "ಡಾಕ್ಟ್ರು ಬೇಡ ಅಂದಿದಾರೆ, ನಿಜ. ಆದ್ರೆ ಉಪವಾಸ ಬಿದ್ದು ಹೋಗ್ಬಿಡ್ತಾರಲ್ಲ..." ಎಣ್ಣೆಯನ್ನು ಕೈಯಿಂದ ಕೈಗೆ ಕೊಡಬಾರದೆಂಬ ಶಾಸ್ತ್ರ. ನಾನು ಹಾಕಿ ಕೆಳಗಿಟ್ಟೆ, ಅವರು ಎತ್ತಿಕೊಂಡು ಸೆರಗಿನಲ್ಲಿ ಮುಚ್ಚಿಕೊಂಡು ಹೋದರು. ಅಂಕಲ್‌ಗೆ ಗೊತ್ತಾಗಬಾರದು ಎಂದು ದೇವರ ಮೇಲೆ ಆಣೆ ಮಾಡಿಸಿಕೊಂಡರು. ಆ ಒಂದು ಚಮಚವನ್ನು ಬೆರಳ ತುದಿಯಿಂದ ಒಂದೊಂದು ಸೀಳಿಗೂ ಸವರಿ ಓವನ್‌ಗೆ ಇಟ್ಟರಂತೆ. ಅವತ್ತು ಅಂಕಲ್ ಜಗಿದ ಕರುಂಕುರುಂ ಸದ್ದು ಬೀದಿ ದಾಟಿ ನಮ್ಮನೆಗೇ ಕೇಳಿಸಿತು ಎಂದರೆ ನೀವು ನಂಬುವುದಿಲ್ಲ. "ಕರಿದಂಗೇ ಇದೆ ಕಣೇ" ಎಂದರಂತೆ. ಆಂಟಿ ಅದನ್ನು ಹೇಳಲೆಂದೇ ಓಡಿ ಬಂದಿದ್ದರು. ಅಷ್ಟು ಖುಷಿಯಾಗಿ ಅವರನ್ನು ನಾನು ಮತ್ತೆ ನೋಡಲಿಲ್ಲ.

ಆಮೇಲೆ ಬಟ್ಟಲು ಆಗಾಗ ಬರುತ್ತಿತ್ತು. ಎಂದೂ ಒಂದೇ ಚಮಚ. ಎರಡನೆಯದಕ್ಕೆ ನಾನು ಕೈ ಹಾಕಿದರೆ "ಕೊಲ್ಲಬೇಕು ಅಂತಿದೀಯಾ?" ಎಂದು ಗದರುತ್ತಿದ್ದರು.

ಹೂವಿನವಳ ಜೊತೆ ನಡೆದದ್ದೊಂದು ಹೇಳಲೇಬೇಕು. ಮಾರು ಹೂ ಅಳೆಸುತ್ತಾ ಆಂಟಿ ಹೆಮ್ಮೆಯಿಂದ, "ನಮ್ಮೋರು ಎಣ್ಣೆ ಪೂರ್ತಿ ಬಿಟ್ಬಿಟ್ಟಿದಾರೆ ಕಣಮ್ಮ" ಎಂದರು. ಹೂವಿನವಳು ಹಣೆಗೆ ಕೈ ಮುಟ್ಟಿಸಿಕೊಂಡು, "ಪುಣ್ಯವಂತ್ರು ಬುಡಿ ಅಕ್ಕ. ನಮ್ಮೋನು ಸಾಯೋಗಂಟ ಬುಡಕಿಲ್ಲ" ಎಂದಳು. ಆಂಟಿ, "ಅದೇನ್ ಮಹಾ ಕಷ್ಟ? ನೀನು ಹಾಕೋದ್ ನಿಲ್ಸು, ಅವನು ತಾನೇ ಬಿಡ್ತಾನೆ" ಎಂದರು. ಹೂವಿನವಳು ಬಾಯಿ ತೆರೆದು ಅವರನ್ನೇ ನೋಡಿದಳು. ಈ ಊರಿನ ಬೀದಿಯಲ್ಲಿ ಎಣ್ಣೆ ಎಂದರೆ ಹೆಂಡ ಎಂಬುದು ಆಂಟಿಗೆ ಗೊತ್ತೇ ಇರಲಿಲ್ಲ. ಮನೆಗೆ ಬಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೂವಿನವಳು ಎಂಥ ತಪ್ಪು ತಿಳಿದುಕೊಂಡಳು ಅಂತ...

ಅಂಕಲ್ ದಿನಾ ಸಂಜೆ ವಾಕಿಂಗ್ ಹೋಗಿ ಲವಂಗ ಜಗಿಯುತ್ತಾ ಬರುತ್ತಿದ್ದರು. ಹಲ್ಲುನೋವು ಎನ್ನುತ್ತಿದ್ದರು. ಹಲ್ಲುನೋವಿರುವವರು ಹುರಿದ ಬೆಂಡೆಕಾಯಿಯನ್ನು ಹೇಗೆ ಅಷ್ಟು ಜೋರಾಗಿ ಜಗಿಯುತ್ತಾರೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಕೊನೆಗೆ ಅವರ ಕಣ್ಣು ಅರಿಸಿನದ ಹಾಗಾಯಿತು. ಹೊಟ್ಟೆ ಉಬ್ಬಿಕೊಂಡಿತು. ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದಾಗ ನಾನೂ ಜೊತೆಗಿದ್ದೆ. ಅದೇ ಡಾಕ್ಟರು ರಿಪೋರ್ಟು ತಿರುವಿ ಹಾಕಿ, ಆಂಟಿಯನ್ನು ನೋಡಿ ಹೇಳಿದರು: "ಎಣ್ಣೆ ಬಿಟ್ಟೇ ಇಲ್ವಲ್ಲಮ್ಮ ಇವರು. ಅಷ್ಟು ಸಲ ಹೇಳಿದೀನಿ. ಮನೇಲಿರೋರಿಗೆ ಗೊತ್ತಾಗಲ್ವಾ?"

ಆಂಟಿ ಕುರ್ಚಿಯಿಂದ ಎದ್ದರು. ಡಾಕ್ಟರ ಮುಂದೆ ಕೈ ಮುಗಿದರು. "ನನ್ನದೇ ತಪ್ಪು ಡಾಕ್ಟ್ರೇ. ಒಂದೇ ಚಮಚ ಹಾಕ್ತಿದ್ದೆ. ಬೆಂಡೆಕಾಯಿಗೆ... ಗರಿಗರಿ ಬರ್ಲಿ ಅಂತ. ಅವರಿಗೆ ಗೊತ್ತೇ ಇಲ್ಲ."

"ಬೆಂಡೆಕಾಯಿಗಾ?" ಎಂದರು ಡಾಕ್ಟರು. ಡ್ರಿಪ್ ಸರಿಮಾಡುತ್ತಿದ್ದ ನರ್ಸ್ ತುಟಿ ಕಚ್ಚಿ ನಗು ತಡೆದುಕೊಂಡಳು. ಹೂವಿನವಳು ತಪ್ಪು ತಿಳಿದಿರಲಿಲ್ಲ. ತಪ್ಪು ತಿಳಿದಿದ್ದವರು ನಾವು. ಡಾಕ್ಟರು ದನಿ ತಗ್ಗಿಸಿ, "ನಾನು ಅಡುಗೆ ಎಣ್ಣೆ ಹೇಳಿದ್ದಲ್ಲ ಅಮ್ಮ. ಡ್ರಿಂಕ್ಸ್ ಬಿಡಿ ಅಂದಿದ್ದು. ಒಂದ್ ಚಮಚ ಎಣ್ಣೆಯಿಂದ ಯಾರಿಗೂ ಹೀಗಾಗಲ್ಲ" ಎಂದರು.

"ಅವರು ಅಂಥೋರಲ್ಲ" ಎಂದರು ಆಂಟಿ. ಆಮೇಲೆ ಮಂಚದ ಕಡೆ ಬಾಗಿ, "ಇವರೇನೋ ಹೇಳ್ತಿದಾರೆ, ಹೌದೇನ್ರೀ?" ಎಂದು ಕೇಳಿದರು. ಅಂಕಲ್‌ಗೆ ಪೂರ್ತಿ ಎಚ್ಚರವಿತ್ತು. ಅವರು ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು, ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಹೌದು ಎಂಬ ಒಂದು ಮಾತು ಸಾಕಿತ್ತು, ಆ ಹೆಂಗಸು ಹೊತ್ತುಕೊಂಡಿದ್ದು ಇಳಿದುಹೋಗುತ್ತಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲವಂತೆ! ಸತ್ತವರ ಮೇಲೆ ಹಗೆ ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನನಗೆ ಇವತ್ತಿಗೂ ಆ ಮನುಷ್ಯನ ಮೇಲೆ ಸಿಟ್ಟಿದೆ.

ಆ ವಾರವೇ ಅವರು ಹೋಗಿಬಿಟ್ಟರು. ವೈಕುಂಠ ಸಮಾರಾಧನೆಯ ದಿನ ಹಿತ್ತಿಲಲ್ಲಿ ಅಡುಗೆಯವರು ದೊಡ್ಡ ಬಾಣಲೆಯಲ್ಲಿ ವಡೆ ಕರಿಯುತ್ತಿದ್ದರು. ಆ ಮನೆಗೆ ಅಷ್ಟು ಎಣ್ಣೆ ಬಂದದ್ದು ಎಷ್ಟು ಕಾಲದ ಮೇಲೋ. ಆಂಟಿ ಮೂಲೆಯಲ್ಲಿ ಕೂತು, ಬಂದ ನೆಂಟರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. "ನನ್ನ ಕೈಯಾರೆ ಕಳ್ಕೊಂಡೆ. ಕದ್ದು ಎಣ್ಣೆ ಹಾಕ್ತಿದ್ದೆ." ಕೇಳಿದವರು ಲೊಚಗುಟ್ಟುತ್ತಿದ್ದರು. ಅವರ ನಾದಿನಿ ಒಬ್ಬಾಕೆ, "ನಾಲಿಗೆ ರುಚಿಗೆ ಗಂಡನ್ನೇ ತಿಂದ್ಕೊಂಡ್ಳು" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಳು. ಆಂಟಿ ಅದಕ್ಕೂ ತಲೆಯಾಡಿಸಿದರು.

ನನಗೆ ತಡೆಯಲಾಗಲಿಲ್ಲ. ನೆಂಟರೆಲ್ಲ ಹೋದ ಮೇಲೆ, ಒಂದು ಮಧ್ಯಾಹ್ನ, ಅವರ ಕೈ ಹಿಡಿದುಕೊಂಡು ಬಿಡಿಸಿ ಹೇಳಿದೆ. ಡಾಕ್ಟರು ಹೇಳಿದ್ದು ನಿಜ, ಲವಂಗ ಹಲ್ಲಿಗಲ್ಲ, ವಾಕಿಂಗ್ ಪಾರ್ಕಿಗಲ್ಲ, ನಿಮ್ಮ ಚಮಚಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಇನ್ನಾದರೂ ಹಾಗೆ ಹೇಳಿಕೊಂಡು ತಿರುಗಬೇಡಿ ಅಂತ.

ಆಂಟಿ ಎಲ್ಲ ಕೇಳಿಸಿಕೊಂಡರು. ಅಳಲಿಲ್ಲ.

"ನನಗೂ ಮೂಗಿದೆ ಕಣೇ" ಎಂದರು. "ಆಸ್ಪತ್ರೆಗೆ ಹಾಕ್ಕೊಂಡ್ ಹೋಗಿದ್ದ ಅವರ ಅಂಗಿ ಒಗೆಯಕ್ಕೆ ತಗೊಂಡೆನಲ್ಲ... ಆವತ್ತೇ ಗೊತ್ತಾಯ್ತು. ಆದ್ರೆ ಅದನ್ನ ಒಪ್ಕೊಂಡ್ರೆ, ಇಷ್ಟು ವರ್ಷ ನಾನು ಮಾಡಿದ್ದೇನು ಹೇಳು? ಬಾಣಲೆ ಕೊಟ್ಟಿದ್ದು, ಬೆಂಡೆಕಾಯಿ ಒರೆಸಿದ್ದು, ದೀಪಾವಳಿಗೆ ಅವರ ತಲೆಗೆ ಎಣ್ಣೆ ಒತ್ತದೇ ಬಿಟ್ಟಿದ್ದು... ಎಲ್ಲಾ ಯಾವುದಕ್ಕೆ?"

ಅವರು ನನ್ನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡರು.

"ನನ್ನ ಚಮಚಾನೇ ಇರ್ಲಿ ಬಿಡು" ಎಂದರು.

ಆಮೇಲೆ ನಾನು ಆ ಮಾತು ಎತ್ತಲಿಲ್ಲ. ಅವರು ಕೊನೆಯತನಕ ನೆಂಟರಿಗೆ ಹಾಗೇ ಹೇಳಿದರು, ನೆಂಟರು ಹಾಗೇ ನಂಬಿದರು. ಬಟ್ಟಲು ನಮ್ಮ ಹೊಸ್ತಿಲಿಗೆ ಮತ್ತೆ ಬರಲಿಲ್ಲ. ಓವನ್ನಿನಲ್ಲಿ ಬೆಂಡೆಕಾಯಿ ಮಾತ್ರ ಮಾಡುತ್ತಿದ್ದರು, ತಮಗೊಬ್ಬರಿಗೇ, ಎಣ್ಣೆ ಹಾಕದೆ. ಒಮ್ಮೆ ನಾನು ಹೋದಾಗ ಊಟಕ್ಕೆ ಕೂತಿದ್ದರು. ಆ ಚರ್ಮದಂಥ ಚೂರುಗಳನ್ನು ಒಂದೊಂದಾಗಿ ಜಗಿಯುತ್ತಿದ್ದರು. ಜಗಿದ ಸದ್ದೇ ಇರಲಿಲ್ಲ. ಸ್ವಲ್ಪ ಎಣ್ಣೆ ತರಲಾ ಎಂದು ಕೇಳಿದೆ. ತಲೆಯೆತ್ತದೆ ಬೇಡ ಎಂದರು.

ಈಗ ಆ ಮನೆಯ ಸುತ್ತ ತಗಡು ನಿಲ್ಲಿಸಿದ್ದಾರೆ. ಬರುವ ತಿಂಗಳು ಒಡೆಯುತ್ತಾರಂತೆ. ಭಾನುವಾರ ನಾನು ಬೆಂಡೆಕಾಯಿ ಒರೆಸಿ, ಸೀಳಿ, ಹಿಟ್ಟು ಉದುರಿಸಿ, ಒಂದಕ್ಕೊಂದು ತಾಗದ ಹಾಗೆ ಹರಡಿ, ಒಂದು ಚಮಚ ಎಣ್ಣೆಯನ್ನು ಬೆರಳಿಂದ ಸವರಿ ಇಟ್ಟಿದ್ದೆ. ಮುಚ್ಚಳದ ಗಾಜು ಹಬೆಯಿಂದ ಮುಸುಕಾಗಿತ್ತು. ತೆಗೆದು ಉಪ್ಪು ಹಾಕಿ ಒಂದು ಚೂರು ಬಾಯಿಗಿಟ್ಟುಕೊಂಡೆ. ಗರಿಗರಿಯಾಗಿ ಬಂದಿತ್ತು, ಅವರು ಮಾಡುತ್ತಿದ್ದ ಹಾಗೇ. ಒಂದು ಬಟ್ಟಲಿಗೆ ಹಾಕಿಕೊಂಡು, ಅಭ್ಯಾಸಬಲ, ಎದುರುಮನೆಗೆ ಕೊಟ್ಟು ಬರೋಣವೆಂದು ಹೊಸ್ತಿಲವರೆಗೆ ಹೋದೆ. ತಗಡು ಕಂಡಿತು. ಬಟ್ಟಲನ್ನು ಹೊಸ್ತಿಲ ಮೇಲೆ ಇಟ್ಟು ಅಲ್ಲೇ ಪಕ್ಕದಲ್ಲಿ ಕೂತೆ. ಎತ್ತಿಕೊಳ್ಳುವವರು ಇರಲಿಲ್ಲ.