ಆಯುಧಪೂಜೆಯ ನೀರು

ನಮ್ಮ ಯಜಮಾನರು ಸಿಮೆಂಟ್ ಫ್ಯಾಕ್ಟರಿಯಲ್ಲಿ ಧೂಳು ಹಿಡಿಯುವ ಕೆಲಸದಲ್ಲಿದ್ದಾರೆ ಎಂದರೆ ಬೇಲೂರಿನ ನನ್ನ ತವರಿನವರಿಗೆ ನಗು. ನಿಜಕ್ಕೂ ಕೆಲಸ ಅದೇ. ಕಬ್ಬಿಣದ ದೊಡ್ಡ ಕೋಣೆಯೊಳಗೆ ದಿಂಬಿನ ಗವಸಿನಂಥ ಉದ್ದುದ್ದ ಬಟ್ಟೆ ಚೀಲಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ. ಸಿಮೆಂಟ್ ಅರೆಯುವ ಗಿರಣಿಯ ಗಾಳಿ ಅವುಗಳ ಮೂಲಕ ಸೋಸಿಕೊಂಡು ಹೊರಗೆ ಹೋಗಬೇಕು, ಧೂಳು ಒಳಗೇ ಉಳಿಯಬೇಕು. ಆ ಕೋಣೆ ಇವರ ಸುಪರ್ದಿನಲ್ಲಿತ್ತು.

ಫ್ಯಾಕ್ಟರಿ ಇರುವುದು ಕಣಕಟ್ಟೆ ಕಡೆಯ ನಮ್ಮ ತೆಂಗಿನ ತೋಟದ ಬೆನ್ನಿಗೆ. ಬೆಳಿಗ್ಗೆ ಎದ್ದವರೇ ಇವರು ಮೊದಲು ನೋಡುತ್ತಿದ್ದದ್ದು ಅದರ ಚಿಮಣಿಯನ್ನು.

"ಸೂರ್ಯಂಗಾದ್ರೂ ಒಂದ್ಸಲ ಕೈ ಮುಗೀರಿ" ಎಂದು ರೇಗಿಸುತ್ತಿದ್ದೆ.

"ನಮ್ ಮಗ್ಳು ಇದೇ ಗಾಳಿ ಕುಡೀಬೇಕಲ್ಲ ಕಣೇ" ಎನ್ನುತ್ತಿದ್ದರು.

ಮಗಳಿಗೆ ಚಿಕ್ಕಂದಿನಿಂದಲೂ ಉಬ್ಬಸ. ಚಳಿಗಾಲ ಬಂತೆಂದರೆ ಅವಳ ಎದೆ ಸುಯ್ ಎನ್ನುತ್ತಿತ್ತು. ಇವರು ಆ ಚೀಲಗಳನ್ನು ಅಷ್ಟು ಜೋಪಾನ ಮಾಡುತ್ತಿದ್ದದ್ದು ಸಂಬಳಕ್ಕಲ್ಲ, ಅವಳಿಗಾಗಿ.

ಆಯುಧಪೂಜೆ ಎಂದರೆ ಇವರಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆಯುವ ಹುಚ್ಚು. ಬೈಕು, ಮಚ್ಚು, ಕೊನೆಗೆ ನನ್ನ ಮಿಕ್ಸಿಯನ್ನೂ ಬಿಡುವುದಿಲ್ಲ. ಆ ವರ್ಷ ಫ್ಯಾಕ್ಟರಿಯಲ್ಲೂ ಜೊತೆಯವರನ್ನು ಕಟ್ಟಿಕೊಂಡು ಆ ಕೋಣೆಯ ಒಳಹೊರಗೆಲ್ಲ ಪೈಪಿನಲ್ಲಿ ನೀರು ಬಿಟ್ಟು ತೊಳೆದರು. ಚೀಲಗಳನ್ನೂ ಬಿಡಲಿಲ್ಲ. ಬಾಗಿಲಿಗೆ ವಿಭೂತಿ ಬಳಿದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು ಬಂದರು.

"ವರ್ಷವೆಲ್ಲಾ ನಮ್ ಪಾಪ ಹೊರೋದು. ಇವತ್ತೊಂದಿನ ಮಡಿ ಮಾಡ್ಸಿದೀನಿ" ಎಂದು ಒಬ್ಬಟ್ಟು ತಿನ್ನುತ್ತಾ ಹೇಳಿದರು. ನನಗೂ ಖುಷಿಯಾಯಿತು. ಅತ್ತ ಮುಚ್ಚಿದ ಬಾಗಿಲ ಹಿಂದೆ ಚೀಲಗಳು ಒದ್ದೆಯಾಗಿಯೇ ತೂಗುತ್ತಿದ್ದವು.

ಹಬ್ಬ ಮುಗಿದು ಗಿರಣಿ ಶುರುವಾಯಿತು. ಆಮೇಲೊಂದು ಬೆಳಿಗ್ಗೆ ಎಂದಿನಂತೆ ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸಲು ಹೋದರೆ ಪೊರಕೆಯ ಸದ್ದು ಬೇರೆಯಾಗಿತ್ತು. ಮಣ್ಣಿನ ಮೇಲೆ ಬೂದು ಬಣ್ಣದ ತೆಳು ಹೊಪ್ಪಳೆ. ನಿನ್ನೆಯ ರಂಗೋಲಿ ಅದರಡಿ ಸಿಕ್ಕಿಕೊಂಡಿತ್ತು, ಉಗುರಿನಿಂದ ಕೆರೆದರೂ ಏಳಲಿಲ್ಲ.

ಮಧ್ಯಾಹ್ನ ಬಂದ ಇವರು ತಟ್ಟೆಯ ಮುಂದೆ ಕೂತರು, ಮುದ್ದೆ ಮುರಿಯಲಿಲ್ಲ. ಒದ್ದೆ ಚೀಲಗಳಿಗೆ ಧೂಳು ಮೆತ್ತಿ ಕಲ್ಲಾಗಿಬಿಟ್ಟಿತ್ತಂತೆ. ಒಳಗಿಂದ ಗಾಳಿಯೇ ಹಾಯುತ್ತಿರಲಿಲ್ಲ, ಒತ್ತಡಕ್ಕೆ ಕೆಲವು ಹರಿದು ಧೂಳು ಹೊರಗೆ ಬಿದ್ದಿತ್ತು.

"ಒದ್ದೆ ಇದ್ದ ಕಡೆ ಸಿಮೆಂಟು ಹಿಡ್ಕೊಳ್ಳುತ್ತೆ ಅಂತ ಗೊತ್ತಿರ್ಲಿಲ್ವೇನಯ್ಯಾ, ಅಂದ್ರು ಇಂಜಿನಿಯರ್ರು" ಎಂದರು. "ಈ ಮನೆ ತಾರಸಿಗೆ ನಾನೇ ನೀರು ಕಟ್ಟಿದೋನು. ನಂಗ್ ಗೊತ್ತಿಲ್ವಾ? ಮಿಷನ್ ತೊಳೀತಿದೀನಿ ಅಂದ್ಕೊಂಡೆ ಕಣೇ."

"ಸರಿ, ಗಿರಣಿ ನಿಲ್ಸೋಕೆ ಹೇಳಿ."

"ಹೇಳ್ದೆ. ಸಿಮೆಂಟಿಗೆ ಆರ್ಡ್ರು ಐತೆ, ಹೊಸ ಚೀಲ ಬರೋಗಂಟ ಹಿಂಗೇ ಓಡ್ಲಿ ಅಂದ್ರು ಮೇಲ್ನೋರು."

ಗಾಳಿಯನ್ನು ಸೋಸದೆಯೇ ಹೊರಗೆ ಬಿಡತೊಡಗಿದರು. ಇವರದು ಭಕ್ತಿಯಲ್ಲಿ ಆದ ತಪ್ಪು. ಅವರದನ್ನು ಏನೆಂದು ಕರೆಯಲಿ? ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ತೆಂಗಿನ ಗರಿ, ತುಳಸಿ, ಒಣಹಾಕಿದ ಸೀರೆ, ಎಲ್ಲದರ ಮೇಲೂ ಅದೇ ಬೂದಿ. ಮಂಜು ಬಿದ್ದ ಬೆಳಿಗ್ಗೆ ಎಲೆಗಳು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ಅಂಗಳಕ್ಕೆ ನೀರು ಹಾಕುವುದನ್ನೇ ಬಿಟ್ಟೆ.

ಒಂದು ಮಧ್ಯಾಹ್ನ ಮಗಳು ನಡುಮನೆಯಲ್ಲಿ ಬಾಯಿ ತೆರೆದು ಮಲಗಿದ್ದಳು. ಉಸಿರು ಸುಯ್ ಎನ್ನುತ್ತಿತ್ತು. ತುಟಿಯ ಅಂಚು ಒದ್ದೆಯಾಗಿತ್ತು. ಒದ್ದೆ ಇದ್ದ ಕಡೆ ಹಿಡಿದುಕೊಳ್ಳುತ್ತದೆ ಎಂಬ ಮಾತು ನೆನಪಾಯಿತು. ಮನುಷ್ಯರ ಎದೆಯೊಳಗೆ ಒಣಗಿದ ಜಾಗ ಎಲ್ಲಿರುತ್ತದೆ? ಎಬ್ಬಿಸಿ, ಎತ್ತಿಕೊಂಡು, ಸಿಕ್ಕಿದ ಬಸ್ಸು ಹತ್ತಿದೆ.

ಅರಸೀಕೆರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ಮಗೂನ ಮೊದ್ಲು ಆ ಊರಿಂದ ಆಚೆ ಇಡೀಮ್ಮ" ಎಂದರು.

ಬೇಲೂರಿಗೆ, ನನ್ನ ಅಮ್ಮನ ಮನೆಗೆ ಬಿಟ್ಟುಬಂದೆವು. ಸೆರಗು ಹಿಡಿದುಕೊಂಡು ಅಳುತ್ತಿದ್ದವಳಿಗೆ ಇವರೇ ಹೇಳಿದರು: "ಕೆಮ್ಮು ನಿಂತ ದಿನ ಬತ್ತೀನಿ ಕಣವ್ವಾ, ಬೈಕಲ್ಲೇ ಕರ್ಕೊಂಡೋಯ್ತೀನಿ."

ಹೊಸ ಚೀಲಗಳು ಬಂದು ಬಹಳ ದಿನವಾಯಿತು. ಚಿಮಣಿ ಈಗ ಶುಭ್ರವಾಗಿ ಕಾಣುತ್ತದೆ, ಆದರೆ ಇವರು ಆ ಕಡೆ ತಲೆಯೆತ್ತುವುದಿಲ್ಲ. ಮಳೆ ಬಂದಾಗಲೆಲ್ಲ ತಾರಸಿಯ ಮೂಲೆಯಿಂದ ಬೂದು ನೀರು ಇನ್ನೂ ಇಳಿಯುತ್ತದೆ.

ಸಂಜೆ ಮಗಳು ಫೋನ್ ಮಾಡುತ್ತಾಳೆ. "ಕೆಮ್ಮು ಪೂರ್ತಿ ನಿಂತೈತೆ ಕಣಮ್ಮ, ಅಪ್ಪಂಗೆ ಬರಕ್ಕೇಳು" ಎನ್ನುತ್ತಾಳೆ. ಸ್ಕೂಲಿನ ಸುದ್ದಿ ಶುರು ಮಾಡುತ್ತಾಳೆ. ನಡುವೆ ಉಸಿರು ಸಿಕ್ಕಿಕೊಂಡಂತಾಗಿ ತಟ್ಟನೆ ಮಾತು ನಿಲ್ಲಿಸಿ ಫೋನನ್ನು ಅಜ್ಜಿಯ ಕೈಗೆ ಕೊಟ್ಟುಬಿಡುತ್ತಾಳೆ. ಅಮ್ಮ ಇವತ್ತಿನ ಸಾರು ಯಾವುದೆಂದು ಗಟ್ಟಿಯಾಗಿ ಹೇಳತೊಡಗುತ್ತಾರೆ. ಅವರ ದನಿಯ ಹಿಂದೆ ಹಿತ್ತಲ ಬಾಗಿಲು ಮುಚ್ಚಿಕೊಂಡ ಸದ್ದು ನನಗೆ ಕೇಳಿಸುತ್ತದೆ.