ದಿಬ್ಬಾದಲ್ಲಿ ಕಾರು ಗುದ್ದಿದವರು ಇವರಲ್ಲ

ದಿಬ್ಬಾ ಎಂಬ ಊರಿನಲ್ಲಿ ನಮ್ಮ ಕಾರನ್ನು ಕಂಬಕ್ಕೆ ಗುದ್ದಿದ್ದು ನಾನು. ನನ್ನ ಗಂಡ ಅಲ್ಲ. ಇಷ್ಟು ವರ್ಷ ದುಬೈಯ ನಮ್ಮ ಇಡೀ ಬಳಗ ಇವರೇ ಗುದ್ದಿದ್ದು ಎಂದು ನಂಬಿದೆ. ಇವರೂ ಹಾಗೇ ನಂಬಿದ್ದರು — ನಂಬಿಸಿದವಳು ನಾನು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಾನು ಧಾರವಾಡದವಳು, ಹಲ್ಲಿನ ಡಾಕ್ಟರು. ಹಲ್ಲು ಹುಳುಕಾಗಿದ್ದರೆ ಹುಳುಕು ಅಂತ ಮುಖದ ಮೇಲೇ ಹೇಳುತ್ತೇನೆ. ಈ ಒಂದನ್ನು ಮಾತ್ರ... ಇರಲಿ, ಮೊದಲಿನಿಂದ ಹೇಳುತ್ತೇನೆ.

ಇವರ ಹೆಸರು ಸುಧಾಕರ, ಉಡುಪಿ ಕಡೆಯವರು. ರಾಸ್ ಅಲ್ ಖೋರ್‌ನಲ್ಲಿ ಕಾರಿನ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ. ದಿನವಿಡೀ ಕಾರಿನ ಸಾಮಾನು ಮಾರುವ ಮನುಷ್ಯನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ! ಇಲ್ಲಿಯ ರೋಡ್ ಟೆಸ್ಟ್ ಎಂದರೆ ಏನೆಂದು ಕೊಟ್ಟವರಿಗೇ ಗೊತ್ತು. ಇವರು ಅದೆಷ್ಟು ಸಲ ಫೇಲಾದರೋ, ಪ್ರತಿ ಸಲವೂ ಮುಖ ಸಣ್ಣದು ಮಾಡಿಕೊಂಡು ಮಿರ್ದಿಫ್‌ನ ನಮ್ಮ ಮನೆಗೆ ಬರುತ್ತಿದ್ದರು. ಇವರು ಚಪ್ಪಲಿ ಬಿಡುವ ಮೊದಲೇ ನಾನು ಕೇಳುತ್ತಿದ್ದೆ — "ಮಿರರ್ ನೋಡೀರಿಲ್ಲೋ?" ಕೊನೆಗೊಮ್ಮೆ ಪಾಸಾದರು. ಲೈಸೆನ್ಸ್ ಸಿಕ್ಕರೆ ಸಿಹಿ ಹಂಚುವುದು ಇಲ್ಲಿ ನಮ್ಮವರ ರೂಢಿ; ಇವರು ಬಿಲ್ಡಿಂಗಿನ ವಾಚ್‌ಮನ್‌ನಿಂದ ಹಿಡಿದು ಅಂಗಡಿಯ ಗಿರಾಕಿಗಳವರೆಗೆ ಎಲ್ಲರಿಗೂ ಲಾಡು ಕೊಟ್ಟರು.

ಆ ಖುಷಿಗೇ ಸಮುದ್ರದಂಚಿನ ದಿಬ್ಬಾಕ್ಕೆ ಹೊರಟದ್ದು ನಾವು. ಮಗಳನ್ನು ಶಾರ್ಜಾದಲ್ಲಿ ನನ್ನ ತಂಗಿಯ ಮನೆಯಲ್ಲಿ ಬಿಟ್ಟು, ಇಬ್ಬರೇ, ಶನಿವಾರ ಭಾನುವಾರ. ಗುಡ್ಡದ ಸುರಂಗಗಳನ್ನು ದಾಟುವವರೆಗೆ ನಾನು ಓಡಿಸಿದೆ. ಖೋರ್ ಫಕ್ಕಾನ್‌ನಲ್ಲಿ ಸಮುದ್ರ ಕಂಡದ್ದೇ ಇವರು, "ಇನ್ನು ನಾನು" ಎಂದರು. ಅಲ್ಲಿಂದ ದಿಬ್ಬಾದವರೆಗೆ ಇವರೇ. ಎಡಕ್ಕೆ ಬೋಳು ಗುಡ್ಡ, ಬಲಕ್ಕೆ ನೀಲಿ ನೀರು. ಇವರು ಸೀಟನ್ನು ಮುಂದಕ್ಕೆಳೆದುಕೊಂಡು, ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ರಸ್ತೆ ಬಿಟ್ಟು ಬೇರೇನೂ ನೋಡಲಿಲ್ಲ. "ಸಮುದ್ರ ಹೇಗುಂಟು ಅಂತ ನೀನೇ ನೋಡಿ ಹೇಳು ಮಾರಾಯ್ತಿ, ನನಗೆ ಪುರುಸೊತ್ತಿಲ್ಲ" ಎಂದು ನಕ್ಕರು. ನಾನು ಸಮುದ್ರದ ಬಗ್ಗೆ ಹೇಳಿದ್ದು ಕಡಿಮೆ. ಇಂಡಿಕೇಟರ್, ಸ್ಪೀಡ್, ಮಿರರ್ — ದಾರಿಯುದ್ದಕ್ಕೂ ನನ್ನ ಪಾಠ ನಡೆದಿತ್ತು. ಇವರು ಅದನ್ನೂ ಸಹಿಸಿಕೊಂಡು ಹಾಡು ಗುನುಗುತ್ತಿದ್ದರು. ಅಷ್ಟು ಖುಷಿಯಾಗಿದ್ದ ಇವರನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ.

ಸಂಜೆ ಹೋಟೆಲಿನ ಅಂಗಳದಲ್ಲಿ, ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದ ಹಾಗೆ, ರಿವರ್ಸ್ ತೆಗೆದು ಪಾರ್ಕ್ ಮಾಡಿದರು. ಡಬ್ ಎಂದು ಸಣ್ಣ ಸದ್ದಾಯಿತು. ಟೈರು ನಿಲ್ಲಲೆಂದು ಹಾಕಿರುತ್ತಾರಲ್ಲ, ಕಾಂಕ್ರೀಟಿನ ತಡೆ — ಹಿಂದಿನ ಚಕ್ರ ಅದಕ್ಕೆ ತಾಗಿತ್ತು, ಅಷ್ಟೇ. ಹಿಂದೆ ಒಂದು ಗಿಡ್ಡ ಕಬ್ಬಿಣದ ಕಂಬವಿತ್ತು. ಬಂಪರಿಗೂ ಅದಕ್ಕೂ ನಡುವೆ ಒಂದು ಗೇಣು ಜಾಗ ಇದ್ದದ್ದನ್ನು ಬ್ಯಾಗ್ ಇಳಿಸುವಾಗ ನಾನು ಕಣ್ಣಾರೆ ನೋಡಿದ್ದೇನೆ. ಇವರು ನೋಡಲಿಲ್ಲ, ರೂಮಿನ ಕೀಲಿ ತರಲು ಹೋಗಿದ್ದರು.

ಮರುದಿನ ಬೆಳಿಗ್ಗೆ ಇವರು ಇನ್ನೂ ಮಲಗಿದ್ದರು. ಚಹಾ, ಪರಾಟ ತರೋಣವೆಂದು ನಾನು ಕಾರು ತೆಗೆದುಕೊಂಡು ಹತ್ತಿರದ ಕೆಫೆಟೇರಿಯಾಕ್ಕೆ ಹೋದೆ. ವಾಪಸು ಹೊರಡುವಾಗ ಕ್ಲಿನಿಕ್‌ನಿಂದ ಫೋನು. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಸ್ಟಿಯರಿಂಗ್, ಗಾಡಿ ರಿವರ್ಸಿನಲ್ಲಿ — ಮಿರರ್ ನೋಡಲಿಲ್ಲ. ಹೌದು, ನಾನೇ. ಕೆಫೆಟೇರಿಯಾದ ಪಕ್ಕದ ಕಂಬಕ್ಕೆ ಧಡ್ ಎಂದು ಹೋಗಿ ಬಡಿಯಿತು. ಬಂಪರ್ ಒಡೆದು, ಡಿಕ್ಕಿಯ ಬಾಗಿಲು ಒಳಗೆ ಹೋಗಿತ್ತು. ಅಲ್ಲಿಯವರೆಗೆ ನನ್ನ ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ, ಅದನ್ನು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದೆ ಬೇರೆ.

ಹೇಳಬೇಕೆಂದೇ ವಾಪಸು ಬಂದೆ, ಸುಳ್ಳಲ್ಲ. ಗಾಡಿಯನ್ನು ಮೊದಲಿನ ಹಾಗೆಯೇ ನಿಲ್ಲಿಸಿ ರೂಮಿಗೆ ಹೋದೆ. ಚಹಾ ಕುಡಿಯಲಿ, ಆಮೇಲೆ ಹೇಳಿದರಾಯಿತು — ಅಂದುಕೊಂಡೆ. ಚಹಾ ಕುಡಿದು ಇವರು ಮೊದಲು ಹೋಗಿ ನೋಡಿದ್ದು ಕಾರನ್ನೇ. ನಾನು ಹೊರಗೆ ಬರುವಷ್ಟರಲ್ಲಿ ಬರಿಗಾಲಲ್ಲಿ ಅದರ ಹಿಂದೆ ನಿಂತಿದ್ದರು.

"ಅಯ್ಯೋ ದೇವರೇ! ನಿನ್ನೆ ಡಬ್ ಅಂದದ್ದು ಇದೇ ಅಲ್ವಾ? ನಾನು ಟೈರ್ ತಾಗಿದ್ದು ಅಂತ ಮಾಡಿದೆ. ನೀನು ಚಾಯ ತರ್ಲಿಕ್ಕೆ ಹೋಗುವಾಗ ನೋಡ್ಲಿಲ್ವಾ?"

"ಹಿಂದ್ ನೋಡ್ಲಿಲ್ರೀ," ಎಂದೆ. ಮತ್ತೆ ಹೇಳಿದೆ — "ನಿನ್ನೆದ ಇರಬೇಕು."

ನಾನು ಗುದ್ದಿರಬಹುದು ಎಂಬ ಯೋಚನೆ ಇವರ ತಲೆಗೆ ಬರಲೇ ಇಲ್ಲ. ಬರುವ ಹಾಗೆ ನಾನು ಇವರನ್ನು ಇಟ್ಟಿರಲಿಲ್ಲ.

ಇಲ್ಲಿ ಪೊಲೀಸರ ಕಾಗದ ಇಲ್ಲದೆ ಯಾವ ಗ್ಯಾರೇಜಿನವನೂ ಗುದ್ದಿದ ಗಾಡಿಯನ್ನು ಮುಟ್ಟುವುದಿಲ್ಲ. ಹಾಗಾಗಿ ಪೊಲೀಸರನ್ನು ಕರೆಯಲೇಬೇಕಾಯಿತು. ಬಂದವನು ಒಳ್ಳೆಯ ಹುಡುಗ, ನಗುಮುಖದವನು. ಗಾಡಿ ಓಡಿಸುತ್ತಿದ್ದದ್ದು ಯಾರು ಎಂದು ಕೇಳಿದ. ಆಗಲಾದರೂ — ಬಾಯಿಯವರೆಗೆ ಬಂದಿತ್ತು. ಇವರು ಎದೆಯ ಮೇಲೆ ಕೈಯಿಟ್ಟುಕೊಂಡು "ನಾನು" ಎಂದುಬಿಟ್ಟರು. ಹೊಸ ಲೈಸೆನ್ಸ್ ನೋಡಿ ಅವನು ಇವರ ಭುಜ ತಟ್ಟಿ, "ಮಾಫಿ ಮುಷ್ಕಿಲ್, ಪರವಾಗಿಲ್ಲ" ಎಂದು ಸಮಾಧಾನ ಹೇಳಿದ. ತಪ್ಪು ಇವರ ಹೆಸರಿಗೆ ಬರೆದಾಯಿತು. ನಾನು ಪಕ್ಕದಲ್ಲೇ ತಂಪು ಕನ್ನಡಕ ಹಾಕಿಕೊಂಡು ನಿಂತಿದ್ದೆ.

ಹೊರಡುವಾಗ ಇವರು ಕೀಲಿಯನ್ನು ನನ್ನ ಕೈಗಿಟ್ಟರು. ಅಂದಿನಿಂದ ಸ್ಟಿಯರಿಂಗ್ ಮುಟ್ಟಿಲ್ಲ.

ಆಮೇಲೆ ಇವರದೇ ಒಂದು ಜೋಕು ಹುಟ್ಟಿಕೊಂಡಿತು. ಯಾರ ಮನೆಯ ಊಟಕ್ಕೆ ಹೋದರೂ, "ನನ್ನ ಕೈಗೆ ಗಾಡಿ ಕೊಟ್ರೆ ಕಂಬ ತಾನಾಗಿ ಓಡಿ ಬರ್ತದೆ" ಎನ್ನುವರು. ಎಲ್ಲರೂ ನಗುವರು. ನಾನೂ ನಗುತ್ತಿದ್ದೆ — ಎಲ್ಲರಿಗಿಂತ ಜೋರಾಗಿ. ಒಮ್ಮೆ ಅಂಗಡಿಯ ಮಾಲೀಕರು ದೂರದ ರುವೈಸ್ ಕಡೆಯ ಗಿರಾಕಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಇವರನ್ನೇ ಕರೆದರು. ಕಂಪೆನಿಯ ಕಾರು, ತನ್ನದೇ ಏರಿಯಾ. ಕೌಂಟರಿನ ಹಿಂದೆ ನಿಂತು ನಿಂತು ಇವರು ಕನಸು ಕಂಡದ್ದು ಅದನ್ನೇ. "ಡ್ರೈವಿಂಗ್ ನನ್ನಿಂದ ಆಗುದಿಲ್ಲ" ಎಂದು ಹೇಳಿ ಬಂದರು. ಆ ಕೆಲಸ ಬೇರೆಯವರಿಗೆ ಹೋಯಿತು. ನಾನು ಆ ದಿನವೂ ಬಾಯಿ ಬಿಡಲಿಲ್ಲ.

ಯಾಕೆ ಎಂದು ಕೇಳಬೇಡಿ. ಕಾರಣ ಹುಡುಕಿದರೆ ಸಿಗುತ್ತದೆ, ನನಗೆ ಮಾತಿಗೇನು ಬರ. ಬೇಕಾಗಿಲ್ಲ. ನನಗೆ ತಪ್ಪೇ ಮಾಡದವಳಾಗಿ ಉಳಿಯಬೇಕಿತ್ತು, ಉಳಿದೆ.

ಮೊನ್ನೆ ಇವರ ಲೈಸೆನ್ಸ್ ರಿನ್ಯೂ ಮಾಡಿಸುವ ಮಾತು ಬಂತು. "ಬೇಡ ಬಿಡು, ಸುಮ್ನೆ ಯಾಕೆ?" ಎಂದರು. ಮಗಳು ಮೊಬೈಲಿನಿಂದ ತಲೆ ಎತ್ತದೆ, "ಇಟ್ಸ್ ಓಕೆ ಅಪ್ಪಾ, ಯು ಕಾಂಟ್ ಡ್ರೈವ್ ಎನಿವೇ" ಅಂದಳು. ಇವರು ಅದಕ್ಕೂ ನಕ್ಕರು. ಅವಳ ಎದುರಿಗೇ, ಊಟಕ್ಕೆ ಕೂತಲ್ಲೇ, ಹೇಳಿಬಿಟ್ಟೆ. ಕೆಫೆಟೇರಿಯಾ, ಫೋನು, ಕಂಬ — ಒಂದನ್ನೂ ಬಿಡದೆ. ಈಗ ಇಲ್ಲಿ ಬರೆಯುತ್ತಿರುವುದು, ಆ ಜೋಕಿಗೆ ನಕ್ಕವರಿಗೂ ಗೊತ್ತಾಗಲಿ ಎಂದು.

ಬೈಗುಳಕ್ಕೆ ಸಿದ್ಧಳಾಗಿ ಕೂತಿದ್ದೆ. ಇವರು ಬೈಯಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೇಳಿದರು.

"ಹಾಗಾದ್ರೆ ಆ ದಿನ ನಾನು ಪಾರ್ಕ್ ಮಾಡಿದ್ದು ಸರಿ ಇತ್ತಾ?"

"ಸರಿ ಇತ್ರೀ. ಕಂಬ ಒಂದು ಗೇಣು ದೂರ ಇತ್ತು. ನಾ ನೋಡೀನಿ."

"ಖೋರ್ ಫಕ್ಕಾನ್‌ನಿಂದ ಓಡಿಸಿದ್ದು?"

"ಅದೂ ಸರಿ ಇತ್ತು. ಭಾಳ ಚಂದ ಓಡಿಸಿದ್ರಿ."

ಎದ್ದು ಬಾಲ್ಕನಿಗೆ ಹೋದರು. ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಮತ್ತೆ ಅದನ್ನೇ ಕೇಳಿದರು — ಪಾರ್ಕ್ ಮಾಡಿದ್ದು ನಿಜವಾಗಿ ಸರಿ ಇತ್ತಾ ಎಂದು. ಮತ್ತೆ ಹೇಳಿದೆ. ಎಷ್ಟು ಸಲ ಕೇಳಿದರೂ ಹೇಳುತ್ತೇನೆ.