ಮಣ್ಣಿನ ಹೀರುಬಲವೂ ಮ್ಮೆ ಮತ್ಸೆಲಿಸೊ ಅವರ ಕೈಗಳೂ

ಫ್ರೀ ಸ್ಟೇಟ್ ಪ್ರಾಂತ್ಯದ ಎರೆನೆಲದ ಮೇಲೆ ಶಾಲೆ, ಆಸ್ಪತ್ರೆ, ನೀರಿನ ತೊಟ್ಟಿ ಕಟ್ಟಿಸಿದ ಇಂಜಿನಿಯರುಗಳಲ್ಲಿ, ನಾವೆಲ್ಲ ಮ್ಮೆ, ಅಂದರೆ ಅಮ್ಮ, ಎಂದು ಕರೆಯುವ ಮತ್ಸೆಲಿಸೊ ರಮೊಹಾಪಿ ಅವರ ಸಹಿಯುಳ್ಳ ವರದಿಗಾಗಿ ಒಮ್ಮೆಯಾದರೂ ಕಾಯದವರು ಅಪರೂಪ. ಒಣಗಿದ ಮಣ್ಣು ನೀರನ್ನು ತನ್ನತ್ತ ಸೆಳೆದುಕೊಳ್ಳುವ ಶಕ್ತಿಗೆ ನಾವು ಹೀರುಬಲ ಎನ್ನುತ್ತೇವೆ. ಅದನ್ನು ಸರಿಯಾಗಿ ಅಳೆದರೆ ಮಳೆ ಬಿದ್ದಾಗ ನೆಲ ಎಷ್ಟು ಉಬ್ಬುತ್ತದೆ, ಗೋಡೆ ಉಳಿಯುತ್ತದೋ ಸೀಳುತ್ತದೋ ಎಂದು ಮೊದಲೇ ಹೇಳಬಹುದು. ಈ ಅಳತೆಯನ್ನು ನಂಬಿಕೆಗೆ ಅರ್ಹವಾಗಿಸಿದವರಲ್ಲಿ ಅವರ ಹೆಸರು ಮೊದಲ ಸಾಲಿನದು ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಫಿಕ್ಸ್‌ಬರ್ಗಿನ ಹೊಲಿಗೆಯವಳ ಮಗಳಾದ ಅವರು ಲೆಸೊಥೊದಲ್ಲಿ ವಿಜ್ಞಾನ ಓದಿ ಬ್ಲೂಮ್‌ಫಾಂಟೈನಿನ ನಮ್ಮ ಪ್ರಯೋಗಾಲಯಕ್ಕೆ ಬಂದಾಗ ಅಲ್ಲಿ ಹೆಂಗಸರಿಗೆಂದು ಇದ್ದದ್ದು ಬೆರಳಚ್ಚಿನ ಮೇಜು ಮಾತ್ರ. ಅವರು ಕೇಳಿ ಪಡೆದದ್ದು ಗಾಜಿನ ಜಾಡಿಗಳನ್ನು. ನಾನು ಅವರ ಕೈಕೆಳಗೆ ಸೇರುವ ಹೊತ್ತಿಗೆ ಶೋಧಕ ಕಾಗದದ ವಿಧಾನದಲ್ಲಿ ಅವರನ್ನು ಮೀರಿಸುವವರು ಪ್ರಾಂತ್ಯದಲ್ಲಿರಲಿಲ್ಲ. ಮಣ್ಣಿನ ಎರಡು ತುಂಡುಗಳ ನಡುವೆ ಮೂರು ಕಾಗದದ ಬಿಲ್ಲೆಗಳನ್ನಿಟ್ಟು, ಜಾಡಿಯನ್ನು ಬಿಗಿಯಾಗಿ ಮುಚ್ಚಿ, ಒಂದೇ ಹದದ ತಂಪಿನಲ್ಲಿ ವಾರಕ್ಕೂ ಮೇಲೆ ಬಿಡಬೇಕು. ಮಣ್ಣು ಎಷ್ಟು ಬಿಟ್ಟುಕೊಡುತ್ತದೋ ಅಷ್ಟೇ ತೇವವನ್ನು ಕಾಗದ ಹೀರಿಕೊಳ್ಳುತ್ತದೆ; ಕಾಗದದ ತೇವ ಕಡಿಮೆಯಾದಷ್ಟೂ ಮಣ್ಣಿನ ಹೀರುಬಲ ಹೆಚ್ಚು. ಕೊನೆಗೆ ನಡುವಿನ ಬಿಲ್ಲೆಯನ್ನು ಚಿಮಟದಲ್ಲಿ ಎತ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ತೂಗಬೇಕು. ತಡಮಾಡಿದರೆ ನಮ್ಮ ಊರಿನ ಒಣಗಾಳಿ ಅದರ ತೇವವನ್ನು ಕುಡಿದುಬಿಡುತ್ತದೆ. ನಡುವಿನ ಬಿಲ್ಲೆಗೆ ಮಣ್ಣು ತಾಗದಿರಲೆಂದು ಅದರ ಅಂಚನ್ನು ಕತ್ತರಿಯಿಂದ ತುಸು ಕಿರಿದು ಮಾಡುವ ಕೆಲಸವೊಂದನ್ನು ಮಾತ್ರ ಮ್ಮೆ ಯಾರಿಗೂ ಬಿಟ್ಟುಕೊಟ್ಟವರಲ್ಲ. ಚಹಾದ ಮೇಜಿನ ಬಳಿ ಕೂತು ತಾವೇ ಕತ್ತರಿಸುತ್ತಿದ್ದರು.

ನನ್ನ ಮೊದಲ ಮಗಳು ಎಳೆಗೂಸಾಗಿದ್ದಾಗ, ಜಾಡಿ ತೆರೆಯುವ ಹೊತ್ತಿಗೇ ಎದೆ ತುಂಬಿ ಅಂಗಿ ಒದ್ದೆಯಾಗುತ್ತಿತ್ತು. ನಾಚಿಕೆಯಿಂದ ಬೆನ್ನು ತಿರುಗಿಸಿ ನಿಂತ ನನ್ನನ್ನು ಅವರು ಬಾಗಿಲತ್ತ ತಳ್ಳಿ, "ಮನೆಗೆ ಹೋಗೇ ತಾಯಿ. ಜಾಡಿ ಇನ್ನೊಂದು ದಿನ ಕಾಯುತ್ತೆ, ನಿನ್ ಮಗಳು ಕಾಯಲ್ಲ," ಎಂದರು. ಆಮೇಲೆ ಇಡೀ ವಿಭಾಗದ ತೂಕದ ಸರದಿಯನ್ನೇ ಬದಲಿಸಿದರು. ಅದನ್ನು ಉಪಕಾರವೆಂದು ಅವರು ಎಂದೂ ಕರೆದಿಲ್ಲ. ಸರಿಯಾದ ಯೋಜನೆ ಎಂದಷ್ಟೇ ಹೇಳಿದರು.

ಅವರ ಬಗ್ಗೆ ಬರೆಯಲೇಬೇಕಾದ ಸಂಗತಿ ನಡೆದದ್ದು ಅವರು ಹಂಗಾಮಿ ಮುಖ್ಯಸ್ಥೆಯಾಗಿದ್ದ ಚಳಿಗಾಲದಲ್ಲಿ. ಕಾಯಂ ಹುದ್ದೆಗೆ ಸಂದರ್ಶನ ಹತ್ತಿರವಿತ್ತು. ಆ ಕುರ್ಚಿಯಲ್ಲಿ ಹೆಂಗಸೊಬ್ಬಳು ಕೂರುವುದು ಅದೇ ಮೊದಲಾಗುತ್ತಿತ್ತು. ಅದು ಅವರಿಗೆ ಎಷ್ಟು ಬೇಕಾಗಿತ್ತು ಎಂಬುದು ಜೊತೆಗಿದ್ದ ನಮಗೆ ಗೊತ್ತಿತ್ತು. ಬೊಟ್ಶಬೆಲೊದ ಹೆರಿಗೆ ಆಸ್ಪತ್ರೆಯೊಂದರ ನಿವೇಶನದ ವರದಿಗೆ ಆಗಷ್ಟೇ ಸಹಿ ಹಾಕಿ ಕಳಿಸಿದ್ದರು. ಹೀರುಬಲ ಸಾಧಾರಣ, ಆಳವಿಲ್ಲದ ಪಾಯ ಸಾಕು ಎಂಬುದು ಅದರ ತಾತ್ಪರ್ಯ.

ಆ ವಾರ ವಾಡಿಕೆಯ ತಪಾಸಣೆಗೆಂದು ಮಣ್ಣಿನ ಬದಲು ಉಪ್ಪುನೀರು ಹಾಕಿ, ಅದಕ್ಕೆ ತಾಗದಂತೆ ಮೇಲೆ ಬಿಲ್ಲೆಯಿಟ್ಟು ಮುಚ್ಚಿದ ಜಾಡಿಗಳು, ಇರಬೇಕಾದ್ದಕ್ಕಿಂತ ಕಡಿಮೆ ಹೀರುಬಲ ತೋರಿಸಿದವು. ಆ ಉಪ್ಪುನೀರಿನ ಬಲ ನಮಗೆ ಮೊದಲೇ ತಿಳಿದಿರುವಂಥದ್ದು. ಕಾಗದ ಬೇರೆಯದನ್ನು ಹೇಳಿದರೆ ತಪ್ಪು ಕಾಗದದ್ದೇ. ತಕ್ಕಡಿ ನೋಡಿದೆವು, ಕಾಗದ ಒಣಗಿಸುವ ಒಲೆ ನೋಡಿದೆವು, ಮುಚ್ಚಳದ ಅಂಟುಪಟ್ಟಿ ಬದಲಿಸಿದೆವು. ಯಾವುದೂ ಕಾರಣವಾಗಿರಲಿಲ್ಲ.

ಚಹಾದ ಹೊತ್ತಿಗೆ, ನಮ್ಮಲ್ಲಿ ಹಿರಿಯ ಸಹಾಯಕಿಯಾಗಿದ್ದ, ನಾವು ಔಸಿ, ಅಂದರೆ ಅಕ್ಕ, ಎನ್ನುತ್ತಿದ್ದ ಡಿಬುಸೆಂಗ್, ಮಗ್ವಿನ್ಯ ಎಂಬ ಕರಿದ ಹಿಟ್ಟಿನುಂಡೆಗಳ ತಟ್ಟೆಯನ್ನು ಮ್ಮೆಯಿಂದ ದೂರ ಎಳೆದುಕೊಂಡಳು.

"ಅಯ್ಯೋ ಮ್ಮೆ, ಮುಟ್ಬೇಡಿ! ನಿಮ್ ಕೈ ಮೇಲಿರೋ ಗ್ಲಿಸರಿನ್‌ನಲ್ಲಿ ಇನ್ನೊಂದು ಸುತ್ತು ಕರೀಬಹುದು."

"ನಿನ್ ಕೈ ನೋಡ್ಕೋ, ಕೋಳಿ ಕಾಲಿನ ಹಾಗಿದೆ," ಎಂದು ಮ್ಮೆ ನಕ್ಕರು. ನಮ್ಮ ಚಳಿಗಾಲದಲ್ಲಿ ಗ್ಲಿಸರಿನ್ ಹಚ್ಚದ ಹೆಂಗಸಿನ ಕೈ ಸೀಳಿ ರಕ್ತ ಬರುತ್ತದೆ; ಮುಖ ತೊಳೆದಷ್ಟೇ ಸಹಜವಾಗಿ ಬೆಳಿಗ್ಗೆ ಹಚ್ಚಿಕೊಂಡು ಬರುತ್ತೇವೆ. ನಗುತ್ತಿದ್ದ ಮ್ಮೆ ತಟ್ಟನೆ ನಗು ನಿಲ್ಲಿಸಿದರು. ಎಡಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಉಜ್ಜಿ ನೋಡಿಕೊಂಡರು. ಕತ್ತರಿಸುವಾಗ ಬಿಲ್ಲೆಯನ್ನು ಹಿಡಿಯುತ್ತಿದ್ದುದು ಅವೇ ಬೆರಳುಗಳು. ಗ್ಲಿಸರಿನ್ ನೀರನ್ನು ಎಳೆದು ಹಿಡಿಯುತ್ತದೆ. ಹಾಗೆ ಕಾಗದಕ್ಕೆ ತೇವ ಹೆಚ್ಚುತ್ತದೆ, ಒಣಮಣ್ಣು ಹಸಿಯೆಂಬಂತೆ ಕಾಣುತ್ತದೆ.

ಒಂದಷ್ಟು ಬಿಲ್ಲೆಗಳನ್ನು ಎಂದಿನಂತೆಯೂ ಇನ್ನಷ್ಟನ್ನು ಕೈಗವಸು ತೊಟ್ಟೂ ಕತ್ತರಿಸಿ, ಆಸ್ಪತ್ರೆ ನಿವೇಶನದ ಮಣ್ಣಿನೊಂದಿಗೆ ಜಾಡಿಗಳಲ್ಲಿಟ್ಟರು. ಜಾಡಿಗಳು ಸಿದ್ಧವಾದ ದಿನ ಉತ್ತರ ಸ್ಪಷ್ಟವಾಗಿತ್ತು. ಆಸ್ಪತ್ರೆಯ ನೆಲ ವರದಿಯಲ್ಲಿದ್ದದ್ದಕ್ಕಿಂತ ಬಹಳ ಒಣಗಿತ್ತು. ಮೊದಲ ಒಳ್ಳೆಯ ಮಳೆಗೇ ಗೋಡೆಗಳನ್ನು ಎತ್ತಿಬಿಡುತ್ತಿತ್ತು.

ನಿರ್ದೇಶಕರಾಗಿದ್ದ, ನಾವು ನ್ತಾತೆ, ಅಂದರೆ ಅಪ್ಪ, ಎಂದು ಗೌರವದಿಂದ ಕರೆಯುತ್ತಿದ್ದ ಪಿಟ್ಸೊ ಒಳ್ಳೆಯವರು, ಮ್ಮೆಯ ಹಿತೈಷಿ. ಅವರಿಬ್ಬರು ಮಾತಾಡುವಾಗ ನಾನು ಪಕ್ಕದಲ್ಲೇ ತೂಗುತ್ತಿದ್ದೆ.

"ಮುಂದಿನ ವಾರ ಸಂದರ್ಶನ ಇದೆ ಮ್ಮೆ. ಅದು ಮುಗೀಲಿ. ಆಮೇಲೆ ಒಂದು ತಿದ್ದುಪಡಿ ಕಳ್ಸಿದ್ರಾಯ್ತು."

"ಅಷ್ಟರಲ್ಲಿ ಅವ್ರು ಪಾಯಕ್ಕೆ ಕಾಂಕ್ರೀಟ್ ಹಾಕಿರ್ತಾರೆ ನ್ತಾತೆ."

"ಹಾಗಾದ್ರೆ ಇವತ್ತೇ ಕಳ್ಸಿ. ಆದ್ರೆ ಉಪಕರಣದ ದೋಷ ಅಂತ ಬರೀರಿ. ಯಾರ್ ಕೇಳ್ತಾರೆ?"

"ಉಪಕರಣ ನನ್ ಕೈ. ಅದನ್ನೇ ಬರೀತೀನಿ. ಇಲ್ದಿದ್ರೆ ಪಕ್ಕದ ಊರಿನ ಪ್ರಯೋಗಾಲಯದ ಹುಡ್ಗೀರು ನಾಳೇನೂ ಹೀಗೇ ಕತ್ತರಿಸ್ತಾರೆ."

ಅವತ್ತೇ ಬರೆದರು, ಕಾರಣ ಸಮೇತ. ಪ್ರಾಂತ್ಯದ ಉಳಿದ ಪ್ರಯೋಗಾಲಯಗಳಿಗೂ ಪ್ರತಿ ಕಳಿಸಿದರು. ಸಂದರ್ಶನದಲ್ಲಿ ಒಬ್ಬ ಮಹಾಶಯರು ಗ್ಲಿಸರಿನ್ ಯಾವ ಅಂಗಡಿಯದೆಂದು ಕೇಳಿದರಂತೆ, ಉಳಿದವರು ನಕ್ಕರಂತೆ. ಹುದ್ದೆ ಇನ್ನೊಬ್ಬರಿಗೆ ಹೋಯಿತು. ಮ್ಮೆ ಆ ಹೊಸಬರಿಗೆ ಜಾಡಿ ಮುಚ್ಚುವುದನ್ನೂ ಕಲಿಸಿದರು. ಕುರ್ಚಿ ಅವರದಾಗಲು ಮತ್ತೆ ವರ್ಷಗಳೇ ಹಿಡಿದವು. ಆದ ಮೇಲೆ ಅವರು ವಿಭಾಗವನ್ನು ನಡೆಸಿದ ರೀತಿಯನ್ನು ಈ ಅಭಿನಂದನ ಗ್ರಂಥದ ಇತರ ಲೇಖಕರು ನನಗಿಂತ ಚೆನ್ನಾಗಿ ವಿವರಿಸಿದ್ದಾರೆ.

ನನಗೆ ತಿಳಿಯಬೇಕಿದ್ದದ್ದು ಬೇರೆ. ಇಂಥ ಹೆಂಗಸರನ್ನು ನಾವು ಗಟ್ಟಿ ಎಂದು ಹೊಗಳಿ ಮುಂದೆ ನಡೆಯುತ್ತೇವೆ. ಒಳಗೆ ಏನಾಯಿತೆಂದು ಕೇಳುವುದಿಲ್ಲ. ಈ ಲೇಖನದ ನೆಪದಲ್ಲಿ ಕೇಳಿದೆ: ಬೇಸರವಾಗಲಿಲ್ಲವೇ?

"ಆಗ್ದೇ ಇರುತ್ತಾ? ಮನೆಗೆ ಹೋಗಿ ಪಾತ್ರೆ ಕುಕ್ಕಿದೀನಿ. ಪಾಪ, ಗಂಡನ ಮೇಲೂ ಕೂಗಾಡಿದೀನಿ. ಕುರ್ಚಿ ಬೇಕಾಗಿತ್ತು ಕಣೇ, ತುಂಬಾ ಬೇಕಾಗಿತ್ತು. ಆದ್ರೆ ಬರೆದಿದ್ದಕ್ಕೆ ಮಾತ್ರ ಒಂದಿನಾನೂ ಬೇಸರ ಆಗ್ಲಿಲ್ಲ. ಅದು ಬೇರೆ, ಇದು ಬೇರೆ."

ಆಳವಾದ ಪಾಯದ ಮೇಲೆ ಕಟ್ಟಿದ ಆ ಆಸ್ಪತ್ರೆ ಎಷ್ಟೋ ಮಳೆಗಾಲಗಳನ್ನು ಕಂಡು ನೆಟ್ಟಗೆ ನಿಂತಿದೆ. ಅಲ್ಲಿ ಹುಟ್ಟುವ ಮಕ್ಕಳ ತಾಯಂದಿರಿಗೆ ಮ್ಮೆಯವರ ಹೆಸರು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ.

ನಿವೃತ್ತರಾಗುತ್ತಿರುವ ಅವರಿಗೆ ಆರೋಗ್ಯ ತುಂಬಿದ ದೀರ್ಘ ಆಯಸ್ಸು ದೊರೆಯಲಿ. ಬರುವ ತಿಂಗಳಿಂದ ವಾರಕ್ಕೊಮ್ಮೆ ಬಂದು ಹೊಸ ಶಾಲೆಯ ನಿವೇಶನದ ಮಣ್ಣನ್ನು ತಾವೇ ಅಳೆಯುವುದಾಗಿ ಒಪ್ಪಿದ್ದಾರೆ. ಅವರ ಮೇಜು ಅಲ್ಲೇ ಇರುತ್ತದೆ. ಅವರು ಕೊಡುವ ಪ್ರತಿಯೊಂದು ಅಂಕಿಯನ್ನೂ ನಾವು ಇನ್ನೊಮ್ಮೆ ಅಳೆದು ನೋಡುತ್ತೇವೆ; ಅವರಿಗೆ ಸಲ್ಲಿಸಲು ಅದಕ್ಕಿಂತ ದೊಡ್ಡ ಗೌರವ ನಮಗೆ ತಿಳಿದಿಲ್ಲ.